ಡ್ವ ಮನೆಯ ಚಾಪೆ

ಈ ಕಥೆಯನ್ನು ನಾನು ಸಂಜೆಯೊಳಗೆ ಹೇಳಿ ಮುಗಿಸಬೇಕು. ಇದಕ್ಕೆ ಬೇಕಾದ ಮಾತುಗಳನ್ನೆಲ್ಲ ಇವತ್ತು ಬೆಳಿಗ್ಗೆ ಕೇಳಿ ತಂದಿಟ್ಟುಕೊಂಡಿದ್ದೇನೆ, ಮಲಗಿ ಎದ್ದರೆ ಅವುಗಳ ಅರ್ಥ ನನ್ನಲ್ಲಿ ಉಳಿಯುವುದಿಲ್ಲ. ನೀವು ಹೊರಗಿನವರು, ನಿಮಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ನಿಮ್ಮ ಊರುಗಳೇ ವಿಚಿತ್ರ. ಅಲ್ಲಿ ಒಬ್ಬನೇ ಮನುಷ್ಯ ಇಂಗ್ಲಿಷಿನ ಮಾತುಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡು, ಯಾರ ಮನೆಯ ಮೆಟ್ಟಿಲನ್ನೂ ಹತ್ತದೆ ಬದುಕಿಬಿಡುತ್ತಾನಂತೆ. ಪಾಪ, ಅವನಿಗೆ ಹೊತ್ತು ಹೇಗೆ ಹೋಗುತ್ತದೋ!

ನಮ್ಮಲ್ಲಿ ಹಾಗಲ್ಲ. ಬೇರೆ ಕಡೆ ಮನೆಗೊಂದು ಹಿತ್ತಲು ಇದ್ದ ಹಾಗೆ ನಮ್ಮೂರಿನಲ್ಲಿ ಮನೆಗೊಂದು ಶುರು. ಒಂದೇ ಥರ ಶುರುವಾಗುವ ಇಂಗ್ಲಿಷ್ ಮಾತುಗಳೆಲ್ಲ ಒಂದು ಮನೆಯವು. ದಿನಬಳಕೆಯವೂ ಅವರವೇ, ಯಾರೂ ಕೇಳರಿಯದವೂ ಅವರವೇ. ಗ್ರ ಮನೆಯ ಮಗು ತೊದಲು ಬಿಡುವ ಮೊದಲೇ ಗ್ರೀನ್ ಅಂದರೆ ಹಸಿರು, ಗ್ರೇಪ್ ಅಂದರೆ ದ್ರಾಕ್ಷಿ ಎನ್ನುತ್ತದೆ. ಅದೇ ಉಸಿರಿನಲ್ಲಿ ಗ್ರಾಮೆಟ್ ಅಂದರೆ ಬಟ್ಟೆಯ ತೂತು ಹರಿಯದ ಹಾಗೆ ಕೂರಿಸುವ ಬಳೆ ಎಂದೂ ಹೇಳುತ್ತದೆ. ಯಾರೂ ಕಲಿಸಿದ್ದಲ್ಲ. ಆದರೆ ಪಕ್ಕದ ಮನೆಯ ಬ್ರೆಡ್ ಎಂದರೆ ಪಿಳಿಪಿಳಿ ಕಣ್ಣು ಬಿಡುತ್ತದೆ. ಅದರ ಅರ್ಥ ಬೇಕಾದರೆ ಬ್ರ ಮನೆಗೇ ಹೋಗಬೇಕು. ಹೊಸ್ತಿಲಲ್ಲಿ ನಿಂತು ಕೇಳುವಂತಿಲ್ಲ. ಒಳಗೆ ಬಂದು, ಕೇಳುವವರಿಗೆಂದು ಹಾಸಿದ ಚಾಪೆಯ ಮೇಲೆ ಕೂತು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದ ಮೇಲೆಯೇ ಅರ್ಥ. ಮನೆಯವರು ಕೂಡ ತಮ್ಮ ಚಾಪೆಯ ಮುಂದೆ ಬಿಟ್ಟು ಬೇರೆಲ್ಲೂ ಅರ್ಥ ಬಿಚ್ಚುವ ಹಾಗಿಲ್ಲ. ಕೇಳಿಕೊಂಡು ಬಂದ ಅರ್ಥವೋ, ಹಾಲಿನ ಹಾಗೆ, ಒಂದು ದಿನಕ್ಕೆ ಸರಿ. ಮಾರನೆಯ ಬೆಳಿಗ್ಗೆ ಮಾತು ನಾಲಿಗೆಯ ಮೇಲೆ ಇರುತ್ತದೆ, ಅರ್ಥ ಹೋಗಿರುತ್ತದೆ. ಮತ್ತೆ ಬೇಕೆಂದರೆ ಮತ್ತೆ ಹೋಗಬೇಕು.

ಮಾತುಗಳಿಗೇನೂ ಬರವಿಲ್ಲ. ಚೌಕದ ಕಂಬದ ಮೇಲೆ ಮಾತಾಡುವ ಪೆಟ್ಟಿಗೆಯೊಂದಿದೆ. ದಿನಾ ಬೆಳಿಗ್ಗೆ ಅದು ತನ್ನ ಪಾಡಿಗೆ ಒಂದೊಂದೇ ಇಂಗ್ಲಿಷ್ ಮಾತು ಹೇಳುತ್ತಾ ಹೋಗುತ್ತದೆ. ಕೆಳಗೆ ನಿಂತವರು ತಮಗೆ ಹಿಡಿಸಿದ ಒಂದನ್ನು ಬಾಯಲ್ಲಿ ಇಟ್ಟುಕೊಂಡು ಆಯಾ ಮನೆಯ ಕಡೆ ಹೊರಡುತ್ತಾರೆ. ಅರ್ಥ ತಿಳಿದು ಏನು ಮಾಡುತ್ತೀರಿ ಎಂದು ಕೇಳಬೇಡಿ. ನೀವು ಸಂಜೆ ಗಾಳಿ ಸೇವನೆಗೆ ಹೋಗಿ ಏನು ಮಾಡುತ್ತೀರಿ?

ನಾನು ಹುಟ್ಟಿದ್ದು ಸ್ಟ ಮನೆಯಲ್ಲಿ. ಊರಿಗೇ ದೊಡ್ಡ ಮನೆ. ಸ್ಟ ಎಂದು ಶುರುವಾಗುವ ಮಾತುಗಳು ಎಷ್ಟಿವೆ ಎಂದು ನಮ್ಮವ್ವ ರಾಜಮ್ಮಣ್ಣಿಗೂ ತಿಳಿಯದು. ಬೆಳಗಾದರೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅವ್ವ ತೂಗುಮಣೆಯ ಮೇಲೆ ಕೂತು, ಬಂದವರಿಗೆ ಅರ್ಥ ಹಂಚುತ್ತಿದ್ದಳು. "ಸ್ಟಾರಾ? ನಕ್ಷತ್ರ. ಸ್ಟೋನಾ? ಕಲ್ಲು. ಸ್ಟೂಲಾ? ಕಾಲಿರೋ ಮಣೆ ಕಣಪ್ಪ, ಏಳು, ಹಿಂದಿನವರಿಗೆ ಜಾಗ ಬಿಡು." ಅಪರೂಪದ ಮಾತು ಯಾರಾದರೂ ತಂದರೆ ಮಾತ್ರ ತೂಗುಮಣೆ ನಿಲ್ಲುತ್ತಿತ್ತು. ಸ್ಟಾಡಲ್ ಎಂದರೆ ಕಣಜಕ್ಕೆ ಇಲಿ ಹತ್ತದ ಹಾಗೆ ಅಡಿಯಲ್ಲಿ ಇಡುವ ಅಣಬೆಯಾಕಾರದ ಕಲ್ಲು. ಅದನ್ನು ಹೇಳುವಾಗ ಅವ್ವ ಎರಡೂ ಕೈಯಲ್ಲಿ ಅಣಬೆ ಮಾಡಿ ತೋರಿಸುತ್ತಿದ್ದಳು. ಅವಳು ತಾನಾಗಿ ಯಾರ ಮನೆಗೂ ಕೇಳಲು ಹೋದವಳಲ್ಲ. ಬೇರೆಯವರ ಚಾಪೆಯ ಮೇಲೆ ಕೂತ ರಾಜಮ್ಮಣ್ಣಿಯನ್ನು ಊರು ಕಂಡೇ ಇರಲಿಲ್ಲ.

ಅಂಥ ಮನೆಗೆ ಪಾತ್ರೆಗಳಿಗೆ ಕಲಾಯಿ ಹಾಕಲು ಶಾಂತಪ್ಪ ಬಂದ. ಅಂಗಳದಲ್ಲಿ ತಿದಿ ಒತ್ತುತ್ತಾ, ಕಾದ ತಾಮ್ರದ ಹಂಡೆಯೊಳಗೆ ಅರಳೆಯಿಂದ ತವರ ಉಜ್ಜುತ್ತಿದ್ದ. ಒಳಗೆಲ್ಲ ಬೆಳ್ಳಗೆ ಮಿಂಚಿದಾಗ ಹಂಡೆಯನ್ನು ನನ್ನ ಕಡೆ ವಾಲಿಸಿ, "ನೋಡಿ, ನಿಮ್ಮ ಮುಖ" ಅಂದ. ಅಷ್ಟೇ ನಡೆದದ್ದು. ಆಮೇಲೆ ಮನೆಯ ಪಾತ್ರೆಗಳಿಗೆಲ್ಲ ಬಹಳ ಬೇಗ ಬೇಗ ಕಲಾಯಿ ಬೇಕಾಗತೊಡಗಿತು. ಅವ್ವ ಏನು ಕುರುಡಿಯೇ?

ಶಾಂತಪ್ಪ ಡ್ವ ಮನೆಯವನು. ಊರಿನ ಕೊನೆಯ ಓಣಿಯಲ್ಲಿ, ಬೇಲಿಗೆ ತಾಗಿದ ಮನೆ. ಡ್ವ ಎಂದು ಶುರುವಾಗುವ ಮಾತುಗಳು ಒಂದು ಕೈಯ ಬೆರಳಿಗಿಂತ ತುಸು ಹೆಚ್ಚು, ಅಷ್ಟೇ. ಮದುವೆಯ ಮಾತು ಬಂದಾಗ ಅವ್ವ ಆಳೊಬ್ಬನನ್ನು ಅಟ್ಟಿ ಆ ಮನೆಯ ಮಾತುಗಳನ್ನೆಲ್ಲ ಕೇಳಿ ತರಿಸಿದಳು. ಅವನು ಬಂದು ಒಪ್ಪಿಸಿದ. ಡ್ವಾರ್ಫ್ ಎಂದರೆ ಗಿಡ್ಡ. ಡ್ವಿಂಡಲ್ ಎಂದರೆ ಇದ್ದದ್ದು ಕಡಿಮೆಯಾಗುತ್ತಾ ಬರುವುದು. ಡ್ವೈನ್ ಎಂದರೆ ಸೊರಗುವುದು. ಡ್ವಾಮ್ ಎಂದರೆ ಬವಳಿ ಬಂದ ಹಾಗೆ ಮೈಮರೆಯುವುದು. ಡ್ವೇಲ್ ಎಂದರೆ ತಿಂದವರಿಗೆ ಮಂಪರು ಹಿಡಿಸುವ ಒಂದು ವಿಷದ ಗಿಡ. ಇಷ್ಟು ಹೇಳಿ, ಇನ್ನೊಂದು ಇತ್ತು, ದಾರಿಯಲ್ಲಿ ಮರೆತೆ ಎಂದು ತಲೆ ಕೆರೆದುಕೊಂಡ.

"ಕೇಳಿದೆಯಾ?" ಅವ್ವ ನನ್ನ ಕಡೆ ತಿರುಗಿದಳು. "ಕುಗ್ಗೋದು, ಕರಗೋದು, ಸೊರಗೋದು. ಹೊಟ್ಟೆ ತುಂಬೋ ಮಾತು ಒಂದಾದ್ರೂ ಇದೆಯೇನೇ ಆ ಮನೇಲಿ? ಮಾಡಿಕೊಡ್ತೀನಿ, ನಿನ್ನ ಹಟ. ಆದ್ರೆ ಆ ಹೊಸ್ತಿಲು ತುಳಿ ಅಂತ ನನ್ನ ಕರೀಬೇಡ."

ಮದುವೆಯಾದ ಹೆಣ್ಣು ಗಂಡನ ಮನೆಯ ಒಲೆಯ ಮೇಲೆ ಬೆಂದದ್ದನ್ನು ಉಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ತವರಿನ ಮಾತುಗಳು ಹೋಗಿ ಆ ಮನೆಯವು ಬಂದಿರುತ್ತವೆ. ಅದಕ್ಕೇ ನಮ್ಮಲ್ಲಿ ನೆಂಟರ ಮನೆಗೆ ಹೋಗುವವರು ತಮ್ಮ ಬುತ್ತಿಯನ್ನು ತಾವೇ ಕಟ್ಟಿಕೊಂಡು ಹೋಗುತ್ತಾರೆ. ಡ್ವ ಮನೆಯಲ್ಲಿ ನಾನು ಕಣ್ಣು ಬಿಟ್ಟ ಮೊದಲ ಬೆಳಿಗ್ಗೆ ತಲೆಯೊಳಗೆ, ನೆಂಟರೆಲ್ಲ ಹೊರಟುಹೋದ ಮದುವೆ ಮನೆಯ ಹಾಗೆ ಬಿಕೋ ಎನ್ನುತ್ತಿತ್ತು. ಮೂಲೆಯಲ್ಲಿ ಐದಾರು ಮಾತುಗಳು ಮಾತ್ರ ಕೂತಿದ್ದವು. ಗಂಡನ ಮೇಲಿನ ಆಸೆಗೆ ಬಂದವಳು ನಾನು, ಆದರೂ ಅವತ್ತು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ನನ್ನ ಅತ್ತೆಯ ಹೆಸರು ಚೆನ್ನಾಜಮ್ಮ. ತೆಳ್ಳಗಿನ ಮೈ, ಸೊಂಟಕ್ಕೆ ಬಿಗಿದ ಸೆರಗು, ಯಾವಾಗಲೂ ಯಾವುದೋ ತಮಾಷೆಯನ್ನು ಅದುಮಿಟ್ಟುಕೊಂಡ ಹಾಗಿರುವ ತುಟಿ. ದಿನಾ ಬೆಳಿಗ್ಗೆ ಅವರು ಪಡಸಾಲೆಯಲ್ಲಿ ಚಾಪೆ ಹಾಸಿ, ಪಕ್ಕದಲ್ಲಿ ಬೆಲ್ಲದ ಡಬರಿ, ಒಂದು ತಂಬಿಗೆ ನೀರು ಇಡುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಪೆಟ್ಟಿಗೆ ನಮ್ಮ ಮಾತು ಹೇಳುವುದೇ ಅಪರೂಪ. ಹೇಳಿದರೂ ಜನಕ್ಕೆ ಅಷ್ಟು ದೂರ ನಡೆಯುವ ಮನಸ್ಸಾಗಬೇಕಲ್ಲ. ಸಂಜೆ ಅತ್ತೆ ಆ ಚಾಪೆಯನ್ನು, ಹತ್ತು ಜನ ಕೂತು ಎದ್ದು ಹೋಗಿದ್ದಾರೋ ಎನ್ನುವ ಹಾಗೆ ಜೋರಾಗಿ ಒದರಿ, ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದರು. ಬೆಲ್ಲಕ್ಕೆ ಇರುವೆಗಳು ಮಾತ್ರ ಬರುತ್ತಿದ್ದವು. "ಬರಲಿ ಬಿಡೇ, ಅವೂ ಏನೋ ಕೇಳಕ್ಕೆ ಬಂದಿರ್ತವೆ" ಎನ್ನುತ್ತಿದ್ದರು.

ಒಂದು ಸಂಜೆ ನಾನು ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದೆ. ಆಕಾಶದಲ್ಲಿ ಮೊದಲ ಚುಕ್ಕಿ ಮೂಡಿತ್ತು. ಅದನ್ನು ಕರೆಯುವ ನಮ್ಮ ತವರಿನ ಮಾತೊಂದು ಇತ್ತಲ್ಲ ಎಂದು ಹುಡುಕುತ್ತಾ ನಿಂತಿದ್ದೆ. ಸ್ಟೋನ್, ಸ್ಟಾರ್, ಸ್ಟೂಲ್ ಎಂದು ಬಾಯಿಗೆ ಬಂದದ್ದನ್ನೆಲ್ಲ ಗೊಣಗಿದೆ, ಯಾವುದು ಇದರದು ಎಂದು ಗೊತ್ತಾಗಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಮಾರನೆಯ ದಿನ ಎಲ್ಲಿಗೋ ಹೋಗಿ, ಬಿಸಿಲು ಏರಿದ ಮೇಲೆ ಧೂಳುಗಾಲಿನಲ್ಲಿ ಬಂದರು. ತಂಬಿಗೆಯ ನೀರು ಗಟಗಟ ಕುಡಿದು, "ಇಂದೂ, ಸ್ಟಾರ್ ಅಂದ್ರೆ ನಕ್ಷತ್ರವಂತೆ ಕಣೆ" ಅಂದರು.

ಮದುವೆಯಾದವಳು ತವರಿನ ಚಾಪೆಯ ಮೇಲೆ ಕೇಳುವವಳಾಗಿ ಕೂರಬಾರದು. ಕೂತರೆ ಗಂಡನ ಮನೆಗೆ ಒಗ್ಗಲಿಲ್ಲ ಎಂದು ಅರ್ಥ. ಹಾಗಾಗಿ ಆ ಮಾತುಗಳು ನನ್ನ ಪಾಲಿಗೆ ಮುಗಿದವು ಎಂದೇ ತಿಳಿದಿದ್ದೆ. ಅತ್ತೆ ನನಗಾಗಿ ಅಷ್ಟು ದೂರ ನಡೆದು, ತಮ್ಮನ್ನು ಕಂಡರೆ ಮೂಗು ಮುರಿಯುವ ಬೀಗತಿಯ ಮುಂದೆ ಚಾಪೆಯ ಮೇಲೆ ಕೂತು, ಒಂದು ಚುಕ್ಕಿ ತಂದಿದ್ದರು. ಅವತ್ತಿನಿಂದ ಅದು ಅವರ ದಿನಚರಿಯಾಯಿತು. ಅರ್ಥ ಬೆಳಗಾದರೆ ಹೋಗುವಂಥದ್ದು ಎಂದು ಗೊತ್ತಿದ್ದೂ, ದಿನಾ ಹೋಗಿ ದಿನಾ ಒಂದು ತಂದು ಕೊಡುವವರಿಗೆ ಏನು ಹೇಳುತ್ತೀರಿ? ಕಾಲಿಗೆ ಬಿಸಿನೀರು ಕೊಟ್ಟೆ.

ಅವರಿಗೆ ಬರಬರುತ್ತಾ ಅಪರೂಪದವೇ ರುಚಿಸತೊಡಗಿದವು. ಒಂದು ದಿನ ಓಣಿಯ ತುದಿಯಿಂದಲೇ ಕೂಗುತ್ತಾ ಬಂದರು. "ಇಂದೂ, ಸ್ಟರ್ನಟೇಶನ್ ಅಂದ್ರೆ ಏನು ಹೇಳೇ?" ನನಗೆಲ್ಲಿ ಗೊತ್ತು? "ಸೀನು ಕಣೇ! ಅಷ್ಟುದ್ದದ ಮಾತು, ಬರೀ ಒಂದು ಸೀನು! ಹೇಳೋಷ್ಟರಲ್ಲಿ ಎರಡು ಸೀನಬಹುದು." ಶಾಂತಪ್ಪ ಕಲಾಯಿ ಹಾಕುತ್ತಿದ್ದವನು ನಗುತ್ತಾ ಹೊಗೆ ಕುಡಿದು ನಿಜವಾಗಿಯೂ ಸೀನಿದ. ಆ ಮನೆಯಲ್ಲಿ ಮಾತು ಕಡಿಮೆಯಿತ್ತು, ನಗು ಕಡಿಮೆಯಿರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ನಾನು ಬಸುರಿಯಾದೆ. ಆಗ ಶುರುವಾಯಿತು ಫಜೀತಿ.

ನಮ್ಮಲ್ಲಿ ಮಗು ಯಾವ ಮನೆಯಲ್ಲಿ ಹುಟ್ಟುತ್ತದೋ ಆ ಮನೆಯ ಮಾತುಗಳು ಅದಕ್ಕೆ. ಮೊದಲ ಮಗು ಎಲ್ಲಿ ಹುಟ್ಟಿತೋ ಅದರ ಬೆನ್ನಿಗೆ ಬರುವವಕ್ಕೂ ಅವೇ. ಅದಕ್ಕೆ ಹೆರಿಗೆ ಗಂಡನ ಮನೆಯಲ್ಲೇ ಆಗುವುದು ವಾಡಿಕೆ. ಆದರೆ ದೊಡ್ಡ ತವರು ಬಯಸಿದರೆ ಮಗಳನ್ನು ಕರೆಸಿಕೊಳ್ಳಬಹುದು, ಹಾಗೆ ಕರೆ ಬಂದರೆ ಬೇಡ ಎಂದವರಿಲ್ಲ. ಏಳನೆಯ ತಿಂಗಳಿನಲ್ಲಿ ಅವ್ವ ನನ್ನ ಅಣ್ಣನ ಹೆಂಡತಿ ವನಮಾಲಾಳನ್ನು ಕಳಿಸಿದಳು.

"ನಿಮ್ಮವ್ವ ಹೇಳಿದ್ದಾರೆ, ಮಗು ನಮ್ಮಲ್ಲೇ ಹುಟ್ಟಲಿ ಅಂತ" ಅಂದಳು ವನಮಾಲಾ. ಅವಳು ಒಳ್ಳೆಯವಳು, ಹೇಳುವಾಗ ನೆಲ ನೋಡುತ್ತಿದ್ದಳು. "ದೊಡ್ಡದಾದ ಮೇಲೆ ಅದರ ಚಾಪೆಗೂ ನಾಲ್ಕು ಜನ ಬರೋದು ಬೇಡವಾ ಇಂದೂ?"

ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ನನ್ನ ಮಗುವಿನ ತಲೆಯಲ್ಲಿ ಆ ಮಾತುಗಳೆಲ್ಲ ಗಿಜಿಗುಟ್ಟುವುದನ್ನು, ಅದರ ಸುತ್ತ ಜನ ನೆರೆಯುವುದನ್ನು ಕಣ್ಣಲ್ಲೇ ಕಂಡೆ. ಆದರೆ ಅದು ಅಲ್ಲಿ ಹುಟ್ಟಿದರೆ ಡ್ವ ಮನೆಗೆ ಮುಂದೆ ಯಾರೂ ಇಲ್ಲ. ಶಾಂತಪ್ಪ ಒಬ್ಬನೇ ಮಗ. ನಮ್ಮ ಕಾಲಕ್ಕೆ ಆ ಹಿಡಿಯಷ್ಟು ಮಾತುಗಳು ಊರಿನಿಂದಲೇ ಹೋಗುತ್ತವೆ.

ಅತ್ತೆ ಆಗಲೇ ನನ್ನ ಸೀರೆಗಳನ್ನು ಮಡಚುತ್ತಿದ್ದರು. "ಹೋಗಿ ಬಾ ಮಗಾ. ನಮ್ಮ ಮಾತು ಇದ್ದಷ್ಟು ದಿನ ಇದ್ವು. ಆ ಕೂಸಿಗೆ ಯಾಕೆ ಬಡತನ?"

"ನನ್ನ ಓಡಿಸೋಕೆ ಇಷ್ಟು ಅವಸರವಾ ನಿಮಗೆ?" ಎಂದುಬಿಟ್ಟೆ. ಬಸುರಿಯ ಸಿಟ್ಟು, ಮೂಗಿನ ತುದಿಯಲ್ಲೇ ಇರುತ್ತದೆ. ಅತ್ತೆ ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದರು. ಶಾಂತಪ್ಪನನ್ನು ಕೇಳಿದರೆ, "ಹೊರೋಳು ನೀನು. ನೀನು ಹೇಳಿದ್ದೇ ಸರಿ" ಎಂದು ಕೈಯಲ್ಲಿದ್ದ ಲೋಟವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾ ಕೂತ.

ಹೊರಡುವ ದಿನ ಅತ್ತೆಯೇ ಗಂಟು ಹೊತ್ತು ನನ್ನ ಜೊತೆ ಬಂದರು. ಚೌಕ ದಾಟುವಾಗ ಬೆಳಗಿನ ಜನ ನೆರೆದಿತ್ತು. ಪೆಟ್ಟಿಗೆ ಒಂದೊಂದೇ ಮಾತು ಹೇಳುತ್ತಿತ್ತು. ಮಧ್ಯದಲ್ಲಿ ಅದು ಝ ಎಂದು ಶುರುವಾಗುವ ಯಾವುದೋ ಮಾತು ಹೇಳಿತು. ಚೌಕ ತಟಕ್ಕನೆ ಸುಮ್ಮನಾಯಿತು. ಹೂವಿನವಳು ಮೊಳ ಹಾಕುತ್ತಿದ್ದ ಕೈ ನಿಲ್ಲಿಸಿದಳು, ಗಂಡಸರು ತಲೆಯ ವಸ್ತ್ರ ತೆಗೆದರು. ಕೆರೆಯ ಬದಿಯ ಝ ಮನೆ ನಾನು ಹುಟ್ಟುವ ಮೊದಲೇ ಮುಚ್ಚಿತ್ತು. ಅವರ ಸೊಸೆ ಹೆರಿಗೆಗೆಂದು ತವರಿಗೆ ಹೋದವಳು. ಆಮೇಲೆ ಅಲ್ಲಿ ಯಾರೂ ಹುಟ್ಟಲಿಲ್ಲ. ಈಗ ಆ ಮಾತುಗಳು ಪೆಟ್ಟಿಗೆಯಿಂದ ಬರುತ್ತವೆ, ಹೋಗುತ್ತವೆ. ಅರ್ಥ ಹೇಳುವವರಿಲ್ಲ. ದಾರಿಯಲ್ಲಿ ಹೆಣ ಹಾದುಹೋಗುವಾಗ ನಿಲ್ಲುವ ಹಾಗೆ ಒಂದು ಗಳಿಗೆ ನಿಲ್ಲುತ್ತೇವೆ, ಅಷ್ಟೇ.

ಅತ್ತೆಯೂ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಕೈ ಜೋಡಿಸಿ ನಿಂತಿದ್ದರು. ಕಣ್ಣು ಮುಚ್ಚಿತ್ತು. ತುಟಿ ಅಲುಗುತ್ತಿತ್ತು. ನಾನು ಹತ್ತಿರ ಬಾಗಿ ಕೇಳಿದೆ. ನಮ್ಮ ಮನೆಯ ಮಾತುಗಳನ್ನು ಒಂದೊಂದಾಗಿ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು, ದೂರ ಹೊರಟ ಮಕ್ಕಳ ಹೆಸರು ಹೇಳುವವರ ಹಾಗೆ.

ನಾನು ಅವರ ಕಂಕುಳಿನಿಂದ ಗಂಟು ಕಿತ್ತುಕೊಂಡು ಬಂದ ದಾರಿಗೆ ತಿರುಗಿದೆ.

"ಎಲ್ಲಿಗೇ? ತವರು ಆ ಕಡೆ!"

"ಮನೆಗೆ" ಅಂದೆ.

ಓಣಿಯವರೆಗೂ ಬೈದುಕೊಂಡೇ ಬಂದರು. ಹುಚ್ಚಿ ಅಂದರು, ಹಟಮಾರಿ ಅಂದರು, ನಿಮ್ಮವ್ವನ ಮುಖ ನಾನು ಹೇಗೆ ನೋಡಲಿ ಅಂದರು. ಬಾಗಿಲಿಗೆ ಬಂದ ಮೇಲೆ ಬೈಗುಳ ಮುಗಿಯಿತು. ನನ್ನ ಕೈ ಹಿಡಿದುಕೊಂಡು ಹೊಸ್ತಿಲ ಮೇಲೆಯೇ ಕೂತು ಅತ್ತರು.

ಅವ್ವನಿಗೆ ಸುದ್ದಿ ಹೋಯಿತು. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನನ್ನ ಕರೆಯನ್ನೇ ಕಾಲಲ್ಲಿ ಒದ್ದಳಲ್ಲ, ಬಾಣಂತನಾನೂ ಅವರೇ ಮಾಡ್ಕೊಳ್ಳಲಿ" ಎಂದಳಂತೆ. ಬಾಣಂತನ ಮಾಡುವವರು ಯಾರು? ಅತ್ತೆಗೆ ಕಣ್ಣು ಮಂಜು, ಮಂಡಿ ಹಿಡಿಯುತ್ತಿತ್ತು. ತುಂಬಿದ ಹಂಡೆ ಎತ್ತಲಾರರು. ಸೂಲಗಿತ್ತಿ ಬಂದು ನೋಡಿ, "ಮಗು ಸ್ವಲ್ಪ ಓರೆ ಇದೆ. ಗಟ್ಟಿ ಕೈಯವರು ಇನ್ನೊಬ್ಬರು ಬೇಕು, ಇವಳನ್ನ ಹೆತ್ತೋರೇ ಇದ್ರೆ ಒಳ್ಳೇದು" ಎಂದು ಹೋದಳು. ನಾನು ಧೈರ್ಯದ ಮುಖ ಹಾಕಿಕೊಂಡೆ. ಆದರೆ ಒಳಗೆ ಒಂದೇ ಸಮನೆ, ಅವ್ವ ಬರಲಿ, ಅವ್ವ ಬರಲಿ ಎನ್ನುತ್ತಿದ್ದೆ. ಅವಳು ಬರಲಾರಳು ಎಂದು ಗೊತ್ತಿತ್ತು. ಬಂದರೆ ಇಲ್ಲೇ ಉಣ್ಣಬೇಕು, ಇಲ್ಲೇ ಮಲಗಬೇಕು, ಅಷ್ಟು ದಿನಕ್ಕೆ ಬುತ್ತಿ ಕಟ್ಟಿ ತರಲಾಗದು. ಅಷ್ಟು ಮಾತುಗಳನ್ನು ಕಳೆದುಕೊಂಡು ಯಾವ ಯಜಮಾನಿ ಬರುತ್ತಾಳೆ? ಹೆರಿಗೆಗೆ ತವರಿಗೆ ಹೋದವರ ಮಾತು ಬೇರೆ. ಬೀಗರ ಮನೆಯಲ್ಲಿ ಉಂಡು ಮಲಗಿದ ಯಜಮಾನಿಗೆ ಹೋದವು ತಿರುಗಿ ಬರುತ್ತವೋ, ಯಾರೂ ಮಾಡಿ ನೋಡಿದವರಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ವನಮಾಲಾ ಹೇಳಿದ್ದು. ಅತ್ತೆ ಎಂದಿನಂತೆ ಹೋಗಿ ಸ್ಟ ಮನೆಯ ಚಾಪೆಯ ಮೇಲೆ ಕೂತರಂತೆ. ಅವ್ವ ಮುಖ ಕೊಡಲಿಲ್ಲ. ಆದರೆ ಚಾಪೆಯ ಮೇಲೆ ಕೂತವರಿಗೆ ಇಲ್ಲ ಎನ್ನುವಂತಿಲ್ಲ. "ಏನು ಮಾತು?" ಎಂದು ಎತ್ತಲೋ ನೋಡುತ್ತಾ ಕೇಳಿದಳು.

"ಸ್ಟೇ" ಅಂದರು ಅತ್ತೆ.

"ಇರು, ಹೋಗಬೇಡ, ಉಳಿ. ಅಷ್ಟೇ. ಮುಂದಿನವರು ಬನ್ನಿ."

ಅತ್ತೆ ಏಳಲಿಲ್ಲ. ತಂಬಿಗೆಯ ನೀರು ಕುಡಿದು ಮುಗಿಸಿ, ಮೆಲ್ಲಗೆ ಹೇಳಿದರಂತೆ. "ಅದಕ್ಕೆ ಹತ್ತಿರದ ಮಾತೊಂದು ನಮ್ಮ ಮನೇಲೂ ಇದೆ ಬೀಗರೇ. ನಿಮ್ಮ ಆಳು ಅವತ್ತು ದಾರೀಲಿ ಮರೆತು ಬಂದನಂತಲ್ಲ, ಅದು. ಡ್ವೆಲ್ ಅಂತ. ಅರ್ಥ ನಾನು ಇಲ್ಲಿ ಹೇಳೋ ಹಾಗಿಲ್ಲ. ನಮ್ಮ ಚಾಪೆ ಹಾಸೇ ಇರ್ತದೆ."

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಬಂದುಬಿಟ್ಟರು. ಅವ್ವ ಆ ದಿನವೆಲ್ಲ ಬಂದವರಿಗೆ ತಪ್ಪು ತಪ್ಪು ಅರ್ಥ ಹೇಳಿದಳಂತೆ. ಸ್ಟೋನ್ ಕೇಳಿದವನಿಗೆ ನಕ್ಷತ್ರ ಎಂದು ಕಳಿಸಿದಳು.

ದೀಪ ಹಚ್ಚುವ ಹೊತ್ತಿಗೆ ನಮ್ಮ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ನೋಡಿದರೆ ಅವ್ವ! ಕೈಯಲ್ಲಿ ಗಂಟು, ನೆತ್ತಿಯಲ್ಲಿ ಬೆವರು. ಅಷ್ಟು ದೂರ ಅವಳು ಎಂದೂ ನಡೆದವಳಲ್ಲ. ನನ್ನ ಕಡೆ ನೋಡದೆ ನೆಟ್ಟಗೆ ಬಂದು ಚಾಪೆಯ ಮೇಲೆ ಕೂತಳು. ಕೂರುವ ರೀತಿಯೂ ಅವಳಿಗೆ ಗೊತ್ತಿರಲಿಲ್ಲ, ಅಂಚಿನಲ್ಲಿ ಕೂತು ಅರ್ಧ ನೆಲದ ಮೇಲಿದ್ದಳು. ಅತ್ತೆ ಬೆಲ್ಲದ ಡಬರಿ ಮುಂದಿಟ್ಟರು. ತಂಬಿಗೆ ಕೊಡುವ ಅವಸರದಲ್ಲಿ ನೀರು ಅರ್ಧ ಚಾಪೆಗೇ ಹೋಯಿತು. ನಾನು ಬಂದ ಮೇಲೆ ಆ ಚಾಪೆಯ ಮೇಲೆ ಕೂತ ಮೊದಲ ಜೀವ ನನ್ನವ್ವ.

ಅವ್ವ ಬೆಲ್ಲ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

"ಬಾಯಿಗೆ ಹಾಕ್ಕೊಳಿ ಬೀಗ್ರೇ" ಅಂದರು ಅತ್ತೆ.

ಅವ್ವ ಹಾಕಿಕೊಂಡು, ನೀರು ಕುಡಿದು, ಪಾಠ ಒಪ್ಪಿಸುವವಳ ಹಾಗೆ ಕೇಳಿದಳು. "ಡ್ವೆಲ್ ಅಂದ್ರೆ ಏನು?"

"ಒಂದು ಕಡೆ ನೆಲೆಯಾಗಿ ಇರೋದು" ಅಂದರು ಅತ್ತೆ. "ಬಂದು ನೋಡಿ ಹೋಗೋದಲ್ಲ. ಇರೋದು."

ಅವ್ವ ಕಾಲು ಚಾಚಿ, ಚಾಪೆಯ ನಡುವಿಗೆ ಸರಿದು ಕೂತಳು. "ಎಲೆ ಹಾಕಿ. ಊಟ ಮಾಡ್ತೀನಿ."

ಅತ್ತೆ ಗಾಬರಿಯಾದರು. "ಬೀಗ್ರೇ, ನಮ್ಮ ಒಲೇದು ಉಂಡು ಮಲಗಿದ್ರೆ ಬೆಳಗಾಗೋಷ್ಟರಲ್ಲಿ..."

"ಗೊತ್ತು" ಅಂದಳು ಅವ್ವ. "ಏನು ಸಾರು?"

ಹುರುಳಿ ಸಾರು, ಮುದ್ದೆ. ಅವ್ವ ಮುದ್ದೆ ಮುರಿದು ಮೊದಲ ತುತ್ತು ನುಂಗುವಾಗ ಕಣ್ಣು ಮುಚ್ಚಿಕೊಂಡಳು, ಕಹಿ ಕಷಾಯ ಕುಡಿಯುವವರ ಹಾಗೆ. ಆಮೇಲೆ ಕಣ್ಣು ತೆರೆದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು. ನಾನು ಗೋಡೆಗೆ ಒರಗಿ ಅಳುತ್ತಾ ನಗುತ್ತಾ ಇದ್ದೆ. ಅವಳು ಕೈ ತೊಳೆದು ಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಓರೆ ಇದೆ ಅಂದ್ಳಾ? ನೆಟ್ಟಗೆ ಮಾಡೋಣ ಬಿಡು" ಅಂದಳು.

ಬೆಳಿಗ್ಗೆ ಎದ್ದು ಅವಳು ಹಾಸಿಗೆಯ ಮೇಲೆ ಬಹಳ ಹೊತ್ತು ಕೂತೇ ಇದ್ದಳು. ಮುಖ ಚಿಕ್ಕ ಹುಡುಗಿಯದಾಗಿತ್ತು. "ಖಾಲಿ ಕಣೇ ಇಂದೂ" ಅಂದಳು. ನನಗೆ ನನ್ನ ಮೊದಲ ಬೆಳಿಗ್ಗೆ ನೆನಪಾಯಿತು, ಅವಳ ಕೈ ಹಿಡಿದುಕೊಂಡೆ. ಅವಳು ತಲೆಯೊಳಗೆ ತಡಕಾಡಿ, "ಇಷ್ಟೇನಾ ನಿಮ್ಮವು?" ಎಂದು ಅತ್ತೆಯನ್ನು ಕೇಳಿದಳು.

"ಇಷ್ಟೇ ಬೀಗ್ರೇ" ಅಂದರು ಅತ್ತೆ. "ಹುಡುಕೋ ತಾಪತ್ರಯ ಇಲ್ಲ ನೋಡಿ." ಅವ್ವ ಒಂದು ಕ್ಷಣ ಅವರ ಮುಖ ನೋಡಿ, ಫಕ್ಕನೆ ನಕ್ಕುಬಿಟ್ಟಳು. ಅವಳು ಹಾಗೆ ನಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮುಂದಿನ ಹುಣ್ಣಿಮೆಯ ಮಧ್ಯಾಹ್ನ ನನಗೆ ನೋವು ಬಂತು. ಸೂಲಗಿತ್ತಿ ಒಂದು ಕಡೆ, ಅವ್ವ ಒಂದು ಕಡೆ. ಅವ್ವನ ಕೈ ಎಷ್ಟು ಗಟ್ಟಿ ಎಂದು ಅವತ್ತು ತಿಳಿಯಿತು. ಮಗು ಓರೆಯಿಂದ ಹೊರಳಿಕೊಳ್ಳಲು ಬಹಳ ಕಾಡಿಸಿತು. ಒಂದು ಹಂತದಲ್ಲಿ ನನಗೆ ಕಣ್ಣು ಕತ್ತಲಿಟ್ಟು, ಇನ್ನು ಆಗುವುದಿಲ್ಲ, ಹೋಗುತ್ತೇನೆ ಎಂದೆನಂತೆ. ಅವ್ವ ನನ್ನ ಕಿವಿಯ ಹತ್ತಿರ ಬಾಗಿ, "ಡ್ವೆಲ್ ಇಂದೂ, ಡ್ವೆಲ್" ಅಂದಳು. ಇರು ಎಂದು ಹೇಳಲು ಅವಳ ಹತ್ತಿರ ಈಗ ಇದ್ದ ಇಂಗ್ಲಿಷ್ ಮಾತು ಅದೊಂದೇ. ಕನ್ನಡದಲ್ಲಿ ಹೇಳಬಾರದಿತ್ತೇ ಎಂದು ಆಮೇಲೆ ಕೇಳಿದೆ. "ಗಾಬರೀಲಿ ಮನೆ ಮಾತೇ ಬಾಯಿಗೆ ಬಂತು" ಅಂದಳು. ಮನೆ ಮಾತು! ನನ್ನವ್ವ ನಮ್ಮ ಮಾತನ್ನು ಮನೆ ಮಾತು ಎಂದಳು.

ಹೆಣ್ಣು ಮಗು. ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಮೊದಲು ಅವ್ವನ ಮಡಿಲಿಗೆ ಹಾಕಿದರು.

ಬಾಣಂತನ ಮುಗಿಯುವವರೆಗೂ ಅವ್ವ ಇದ್ದಳು. ಸ್ಟ ಮನೆಯ ತೂಗುಮಣೆಯ ಮೇಲೆ ವನಮಾಲಾ ಕೂತು ಜನರನ್ನು ಸಂಭಾಳಿಸಿದಳು. ಅತ್ತೆ ಕುಂಟುತ್ತಾ ಅಲ್ಲಿಗೆ ಹೋಗಿ ದಿನಾ ಎರಡು ಮಾತು ತರತೊಡಗಿದರು. ನನಗೊಂದು, ಅವ್ವನಿಗೊಂದು. ತನ್ನದೇ ಮನೆಯ ಮಾತಿನ ಅರ್ಥವನ್ನು ಅವ್ವ ಬಾಯಿ ತೆರೆದು ಕೇಳುತ್ತಿದ್ದಳು. ಸ್ಟರ್ನಟೇಶನ್ ಎಂದರೆ ಸೀನು ಎಂದಾಗ, "ಅಯ್ಯೋ, ಇಷ್ಟು ಚೆನ್ನಾಗಿತ್ತಾ ನಮ್ಮ ಮಾತು? ನಾನು ಸಾಲಲ್ಲಿ ಕೂತೋರಿಗೆ ಸರಸರ ಹೇಳಿ ಕಳಿಸಿಬಿಡ್ತಿದ್ದೆ" ಅಂದಳು.

ಹಿಂತಿರುಗಿ ಹೋಗಿ ತನ್ನ ಒಲೆಯದು ಉಂಡು ಮಲಗಿದ ಮೇಲೆ ಅವಳ ಮಾತುಗಳು ಅವಳಿಗೆ ಬಂದವು. ಒಂದೆರಡು ಬರಲಿಲ್ಲವಂತೆ. ಯಾವುವು ಎಂದು ಗೊತ್ತಿಲ್ಲದ್ದರಿಂದ ಬೇಸರವೂ ಇಲ್ಲವಂತೆ.

ಈಗ ಅತ್ತೆ ಓಣಿ ದಾಟಿ ನಡೆಯಲಾರರು. ಬಾಗಿಲ ಬಳಿ ಬಿಸಿಲಿಗೆ ಕೂತು, ಚಾಪೆ ನೆಟ್ಟಗೆ ಹಾಸಿದೆಯೋ ಇಲ್ಲವೋ ಎಂದು ನಮ್ಮೆಲ್ಲರ ಜೀವ ತಿನ್ನುತ್ತಾರೆ. ನಾನು ದಿನಾ ಅವರ ಮಂಡಿಗೆ ಎಣ್ಣೆ ಹಚ್ಚುತ್ತೇನೆ. ಆ ಮಂಡಿ ನನಗಾಗಿ ಎಷ್ಟು ನಡೆದಿದೆ ಎಂದು ನನಗೆ ಗೊತ್ತು, ಅದು ಬೆಳಗಾದರೆ ಮರೆಯುವಂಥದ್ದಲ್ಲ. ಅವರ ಬದಲು ಅವ್ವ ಬರುತ್ತಾಳೆ. ದಿನಾ ಬೆಳಿಗ್ಗೆ ತನ್ನ ಪಡಸಾಲೆಯ ಜನವನ್ನೆಲ್ಲ ಕಾಯಿಸಿ ಬರುತ್ತಾಳೆ. ಸ್ಟ ಮಾತುಗಳ ಅರ್ಥವನ್ನು ಅವಳು ಇಲ್ಲಿ ಬಿಚ್ಚುವ ಹಾಗಿಲ್ಲವಲ್ಲ, ಅದಕ್ಕೆ ನೆರೆಯವಳೊಬ್ಬಳನ್ನು ತನ್ನ ಮನೆಯ ಚಾಪೆಯ ಮೇಲೆ ಕೂರಿಸಿ, ನನಗೆ ಬೇಕಾದವನ್ನು ವನಮಾಲಾಳಿಂದ ಹೇಳಿಸಿ, ಆ ನೆರೆಯವಳನ್ನು ಜೊತೆಗೇ ಕರೆತರುತ್ತಾಳೆ. ಕಟ್ಟಳೆ ಮುರಿಯುವವಳಲ್ಲ ನನ್ನವ್ವ. ಈ ಕಥೆಯ ಸ್ಟ ಮಾತುಗಳೆಲ್ಲ ಇವತ್ತು ಹಾಗೆ ಬಂದವು.

ಬಂದವಳು ಚಾಪೆಯ ನಡುವಿಗೇ ಕೂತು, ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಎದುರಿಗೆ ಕೂತ ನನ್ನ ಮಗಳು ನೀಲುವನ್ನು ಕೇಳುತ್ತಾಳೆ. ಮಾತು ಯಾವಾಗಲೂ ಒಂದೇ. ನಿಜವಾಗಿಯೂ ಅರ್ಥ ಹೋಗಿರುತ್ತದೆ, ಅವಳದೇನೂ ನಾಟಕವಲ್ಲ. ಇವತ್ತೂ ಕೇಳಿದಳು.

"ಡ್ವೆಲ್ ಅಂದ್ರೆ ಏನು ಪುಟ್ಟಾ?"

"ಇರೋದು ಅಜ್ಜೀ" ಅಂದಳು ನೀಲು. "ನೆನ್ನೇನೂ ಹೇಳಿದ್ನಲ್ಲ!"

"ಹೌದಾ?" ಅಂದಳು ಅವ್ವ. "ನಾಳೇನೂ ಹೇಳು."